ಕರೆಗಾಗಿ ಕಾಯುವ ಯಂತ್ರ



ಈ ಉಪನ್ಯಾಸದ ದತ್ತಿ ಗಣಿತದ ಮೇಷ್ಟ್ರೊಬ್ಬರ ನೆನಪಿನದು. ನನ್ನನ್ನು ಆಹ್ವಾನಿಸಲು ಬಂದಾಗ ಅವರ ಮಗಳು ಒಂದೇ ಮಾತು ಹೇಳಿದರು: "ವಿಷಯ ನಿಮ್ಮಿಷ್ಟ ಸಾರ್. ಆದರೆ ಅಪ್ಪ ಪಾಠ ಮಾಡುತ್ತಿದ್ದದ್ದು ಕೊನೇ ಬೆಂಚಿನವರಿಗೆ." ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಉಪನ್ಯಾಸ ಸಿದ್ಧಪಡಿಸಿದ್ದೇನೆ. ವಿಷಯವನ್ನೂ ಕೊನೇ ಬೆಂಚಿನಿಂದಲೇ ಎತ್ತಿಕೊಂಡಿದ್ದೇನೆ.

ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನ್ನ ಕೊನೆಯ ಹತ್ತು ವರ್ಷಗಳಲ್ಲಿ, ಮೊದಲ ಸೆಮಿಸ್ಟರ್ ಶುರುವಾದ ವಾರದೊಳಗೆ ಯಾರಾದರೊಬ್ಬರು ತಪ್ಪದೆ ಕೇಳುತ್ತಿದ್ದರು: "ಸಾರ್, ಫೋನೂ ಕಂಪ್ಯೂಟರೇ ಅಲ್ವಾ? ಮತ್ತೆ ಲ್ಯಾಬ್ ಯಾಕೆ?" ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಗಾತ್ರದಲ್ಲಿ ವ್ಯತ್ಯಾಸ ಎನ್ನೋಣವೆಂದರೆ ನಡುವೆ ಟ್ಯಾಬ್ಲೆಟ್ ಇದೆ. ಕೀಬೋರ್ಡ್ ಎನ್ನೋಣವೆಂದರೆ ಫೋನಿಗೂ ಕೀಬೋರ್ಡ್ ಜೋಡಿಸಬಹುದು. ವೇಗ ಎನ್ನೋಣವೆಂದರೆ ನಮ್ಮ ಲ್ಯಾಬಿನ ಹಳೆಯ ಯಂತ್ರಗಳಿಗಿಂತ ಮಕ್ಕಳ ಜೇಬಿನ ಫೋನುಗಳೇ ಚುರುಕು.

ಇಂದು ಈ ಪ್ರಶ್ನೆಯನ್ನು ಮೂರು ಕಡೆಯಿಂದ ನೋಡುತ್ತೇನೆ. ಮೊದಲಿಗೆ, ಎರಡರ ಒಡಲಲ್ಲೂ ಇರುವ ಲೆಕ್ಕ ಮಾಡುವ ಚಿಪ್ಪು. ಆಮೇಲೆ, ಫೋನನ್ನು ಫೋನಾಗಿಸುವ ರೇಡಿಯೋ ಮತ್ತು ಸಿಮ್. ಕೊನೆಗೆ, ಯಂತ್ರದ ಮೇಲೆ ಅದರ ಒಡೆಯನಿಗಿರುವ ಹಿಡಿತ. ನಡುವೆ, ಬೆಂಗಳೂರಿನಲ್ಲಿ ಹುಟ್ಟಿದ ಒಂದು ಯಂತ್ರದ ಕಥೆಯೂ ಬರುತ್ತದೆ. ಫೋನಿನಿಂದ ಮಕ್ಕಳು ಕೆಡುತ್ತಿದ್ದಾರೆಯೇ ಎಂಬ ಚರ್ಚೆಗೆ ಇಂದು ಕೈಹಾಕುವುದಿಲ್ಲ; ಅದಕ್ಕೆ ಬೇರೆಯೇ ಉಪನ್ಯಾಸ ಬೇಕು.

ಮೊದಲ ವಿಷಯಕ್ಕೆ ಬರುತ್ತೇನೆ.

ನಮಗೆ ಗೊತ್ತಿರುವ ಯಂತ್ರಗಳೆಲ್ಲ ಒಂದೊಂದು ಕೆಲಸಕ್ಕೆ ಹುಟ್ಟಿದವು. ಹಿಟ್ಟಿನ ಗಿರಣಿ ಹಿಟ್ಟು ಬೀಸುತ್ತದೆ, ಕಬ್ಬಿನ ಗಾಣ ರಸ ಹಿಂಡುತ್ತದೆ. ಗಾಣಕ್ಕೆ ರಾಗಿ ಸುರಿದರೆ ಗಾಣವೂ ಕೆಡುತ್ತದೆ, ರಾಗಿಯೂ ಕೆಡುತ್ತದೆ. 1936ರಲ್ಲಿ ಅಲನ್ ಟ್ಯೂರಿಂಗ್ ಎಂಬ ಇಪ್ಪತ್ತಮೂರರ ಇಂಗ್ಲಿಷ್ ತರುಣ ಗಣಿತದ ಒಂದು ಪ್ರಬಂಧ ಬರೆದ. ಮಾಡಬೇಕಾದ ಕೆಲಸದ ವಿವರವನ್ನೇ ಯಂತ್ರಕ್ಕೆ ಓದಲು ಕೊಟ್ಟರೆ, ಲೆಕ್ಕದ ರೂಪಕ್ಕೆ ತರಬಹುದಾದ ಯಾವ ಕೆಲಸವನ್ನಾದರೂ ಒಂದೇ ಯಂತ್ರ ಮಾಡಬಲ್ಲದು ಎಂದು ಅದರಲ್ಲಿ ತೋರಿಸಿದ. ಆಗ ಅಂಥ ಯಂತ್ರ ಎಲ್ಲಿಯೂ ಇರಲಿಲ್ಲ. ಕಾಗದದ ಮೇಲಷ್ಟೇ ಇತ್ತು. ಹತ್ತು ವರ್ಷದ ಬಳಿಕ, 1946ರಲ್ಲಿ, ಫಿಲಡೆಲ್ಫಿಯಾದಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಸುಮಾರು 30 ಟನ್ ತೂಗುತ್ತಿತ್ತು. ಅದರೊಳಗೆ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಒಂದು ಲೆಕ್ಕ ಮುಗಿಸಿ ಇನ್ನೊಂದು ಬಗೆಯ ಲೆಕ್ಕಕ್ಕೆ ಅದನ್ನು ಅಣಿಗೊಳಿಸಲು ತಂತಿಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕಿತ್ತು. ಅದಕ್ಕೆ ದಿನಗಳೇ ಹಿಡಿಯುತ್ತಿದ್ದವು. ಕೆಲಸದ ವಿವರವನ್ನು ಯಂತ್ರದ ನೆನಪಿನೊಳಗೇ ಇಡಬಹುದೆಂದು ತೋರಿಸಿದ್ದು 1948ರಲ್ಲಿ ಮ್ಯಾಂಚೆಸ್ಟರ್‌ನ ಒಂದು ಪುಟ್ಟ ಪ್ರಯೋಗಯಂತ್ರ. ಇಂದಿನ ಎಲ್ಲ ಕಂಪ್ಯೂಟರುಗಳೂ ಆ ದಾರಿಯಲ್ಲೇ ನಡೆಯುತ್ತಿವೆ, ಫೋನುಗಳೂ ಅಷ್ಟೇ. ಈ ಲೆಕ್ಕದಲ್ಲಿ ವಿದ್ಯಾರ್ಥಿಗಳ ಮಾತು ನಿಜ. ಫೋನೂ ಕಂಪ್ಯೂಟರೇ.

ಫೋನಿನ ಚಿಪ್ಪಿನ ಕುಲವನ್ನು ಹುಡುಕುತ್ತಾ ಹೋದರೆ ಒಂದು ಸ್ವಾರಸ್ಯ ಸಿಗುತ್ತದೆ. ಕೇಂಬ್ರಿಡ್ಜ್‌ನ ಏಕಾರ್ನ್ ಎಂಬ ಕಂಪನಿ 1981ರಲ್ಲಿ ಜನರ ಕಂಪ್ಯೂಟರ್ ಕಲಿಕೆಗೆಂದು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಹೊರತಂದಿತು. ಅದರ ಮುಂದಿನ ಯಂತ್ರಕ್ಕೆ ಬೇಕಾದ ಚಿಪ್ಪನ್ನು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ತಾವೇ ವಿನ್ಯಾಸ ಮಾಡಿದರು. ಖರ್ಚು ಉಳಿಸಲು ಚಿಪ್ಪನ್ನು ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಬೇಕಿತ್ತು. ಪ್ಲಾಸ್ಟಿಕ್ ಹೆಚ್ಚು ಕಾವು ತಡೆಯದು, ಹಾಗಾಗಿ ಅದು ಒಂದು ವ್ಯಾಟ್‌ಗಿಂತ ಕಡಿಮೆ ವಿದ್ಯುತ್ತಿನಲ್ಲಿ ನಡೆಯಬೇಕೆಂದು ಗುರಿ ಇಟ್ಟುಕೊಂಡರು. 1985ರ ಏಪ್ರಿಲ್‌ನಲ್ಲಿ ಮೊದಲ ಚಿಪ್ಪು ಬಂದು ಕೆಲಸ ಮಾಡತೊಡಗಿತು. ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ಫರ್ಬರ್ ಅಳೆದಾಗ ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ನೋಡಿದರೆ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವನ್ನೇ ಕೊಟ್ಟಿರಲಿಲ್ಲ! ಸುತ್ತಲಿನ ಸಂಕೇತದ ತಂತಿಗಳಿಂದ ಸೋರಿ ಬರುತ್ತಿದ್ದ ಅಷ್ಟಿಷ್ಟು ವಿದ್ಯುತ್ತಿನಲ್ಲೇ ಅದು ಲೆಕ್ಕ ಮಾಡುತ್ತಿತ್ತು. ಅದರ ಹೆಸರು ಆರ್ಮ್. ಮೇಜಿನ ಕಂಪ್ಯೂಟರಿಗೆಂದು ಹುಟ್ಟಿದ ಈ ಮಿತಾಹಾರಿ 1997ರಲ್ಲಿ ನೋಕಿಯಾ 6110ರೊಳಗೆ ಕೂತು ಫೋನ್ ಸೇರಿತು, ಇಂದು ಹೆಚ್ಚುಕಡಿಮೆ ಎಲ್ಲ ಫೋನುಗಳಲ್ಲಿದೆ. 2020ರಲ್ಲಿ ಆಪಲ್ ಕಂಪನಿ ಎಂ1 ಎಂಬ ಹೆಸರಿನಲ್ಲಿ ಇದೇ ವಂಶದ ಚಿಪ್ಪನ್ನು ಮತ್ತೆ ಕಂಪ್ಯೂಟರಿಗೆ ತಂದಿತು. ತವರಿಗೆ ಮರಳಿದ ಹಾಗೆ.

ಮಿತಾಹಾರ ಎಂದೆ. ಅದರ ಅಳತೆ ಗೊತ್ತಾಗಲಿ ಎಂದು ಒಂದು ಲೆಕ್ಕ ಕೊಡುತ್ತೇನೆ. 5,000 ಮಿಲಿಆಂಪ್ ಗಂಟೆಯ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್ ಗಂಟೆಯಷ್ಟು ಶಕ್ತಿ ಇರುತ್ತದೆ. ನಿಮ್ಮ ಮನೆಯ ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬು ಅಷ್ಟರಲ್ಲಿ ಎರಡು ಗಂಟೆ ಉರಿಯುತ್ತದೆ. ಅಷ್ಟನ್ನೇ ಕಟ್ಟಿಕೊಂಡು ಫೋನ್ ಇಡೀ ದಿನ ಬದುಕಬೇಕು, ಅದೂ ಫ್ಯಾನಿಲ್ಲದೆ, ನಿಮ್ಮ ಅಂಗೈಯನ್ನು ಸುಡದೆ. ಮೇಜಿನ ಕಂಪ್ಯೂಟರಿಗೆ ಈ ಕಷ್ಟವಿಲ್ಲ. ಗೋಡೆಯ ಪ್ಲಗ್ಗಿನಿಂದ ಬೇಕಾದಷ್ಟು ಕುಡಿದು, ಫ್ಯಾನ್ ತಿರುಗಿಸಿ ಬಿಸಿಯನ್ನು ಹೊರಗೆ ತಳ್ಳುತ್ತದೆ. ಗಂಟೆಗಟ್ಟಲೆ ನಡೆಯುವ ಭಾರದ ಕೆಲಸಕ್ಕೆ ಇಂದಿಗೂ ದೊಡ್ಡ ಯಂತ್ರ ಬೇಕಾಗುವುದು ಇದಕ್ಕೇ. ಆದರೆ ಇದು ಹೆಚ್ಚು ಕಡಿಮೆಯ ವ್ಯತ್ಯಾಸ, ಜಾತಿಯ ವ್ಯತ್ಯಾಸವಲ್ಲ.

ಜಾತಿಯ ವ್ಯತ್ಯಾಸ ಎಲ್ಲಿದೆ? ಇನ್ನು ಎರಡನೆಯ ವಿಷಯ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮೂರ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಅಂಗಡಿ ನಡೆಸುವಾತ ನನ್ನ ಹಳೆಯ ವಿದ್ಯಾರ್ಥಿ. ನನ್ನ ಫೋನ್ ಒಂದು ದಿನ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಇಲ್ಲ ಎನ್ನತೊಡಗಿತು. ಸಿಮ್ ಬದಲಿಸಿದರೂ ಅದೇ ಹಾಡು. ಆತ ಹಿಂಬದಿಯ ಮುಚ್ಚಳಕ್ಕೆ ಬಿಸಿಗಾಳಿ ಹಾಯಿಸಿ, ಅಂಟು ಸಡಿಲಿಸಿ, ತೆಳ್ಳನೆಯ ಪ್ಲಾಸ್ಟಿಕ್ ತುಂಡು ತೂರಿಸಿ ಮೆಲ್ಲಗೆ ಎಬ್ಬಿಸಿದ. ಒಳಗಿನ ಜಾಗದಲ್ಲಿ ಬಹುಪಾಲು ಬ್ಯಾಟರಿಯದೇ. ಮೇಲಿನ ಅಂಚಿನಲ್ಲಿ ಎರಡು ಬೆರಳಗಲದ ಬೋರ್ಡು, ಅದರ ಮೇಲೆ ತಗಡಿನ ಪುಟ್ಟ ಪುಟ್ಟ ಮುಚ್ಚಳಗಳು. ಭೂತಗನ್ನಡಿಯ ಕೆಳಗೆ ಒಂದಿಷ್ಟು ಹೊತ್ತು ಮೀಟರ್ ಹಿಡಿದು ನೋಡಿ ಹೇಳಿದ: "ಸಾರ್, ನೆಟ್‌ವರ್ಕ್ ಐಸಿ ಹೋಗಿದೆ. ಬೇರೆ ಏನೂ ಆಗಿಲ್ಲ. ಐಸಿ ತರಿಸಬೇಕು, ಎರಡು ದಿನ ಆಗುತ್ತೆ. ಅಲ್ಲೀವರೆಗೆ ಇಟ್ಕೊಂಡಿರಿ."

ಆ ಎರಡು ದಿನ ನನ್ನ ಫೋನ್ ಬರೀ ಕಂಪ್ಯೂಟರ್ ಆಗಿತ್ತು. ಮನೆಯ ವೈಫೈಯಲ್ಲಿ ಪತ್ರಿಕೆ ಓದಿದೆ, ಫೋಟೋ ತೆಗೆದೆ, ಪತ್ರ ಬರೆದೆ. ಆದರೆ ಅದು ರಿಂಗಾಗಲಿಲ್ಲ. ಬ್ಯಾಂಕಿನ ಒಟಿಪಿ ಬರಲಿಲ್ಲ. ತರಕಾರಿ ಅಂಗಡಿಯಲ್ಲಿ ಹಣ ಕೊಡಲು ಹೋದರೆ ಪಾವತಿಯ ಆ್ಯಪ್ ಸಿಮ್ ಕಾಣುತ್ತಿಲ್ಲ ಎಂದು ಹಟ ಹಿಡಿಯಿತು. ಲೆಕ್ಕ ಮಾಡುವ ಶಕ್ತಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು, ನಾನು ನಾನೇ ಎಂದು ಜಗತ್ತಿಗೆ ಹೇಳುವ ಅದರ ಶಕ್ತಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಒಂದು ಫೋನ್ ಎಂದು ಕರೆಯುವ ವಸ್ತುವಿನೊಳಗೆ ಕಡಿಮೆಯೆಂದರೂ ಮೂರು ಕಂಪ್ಯೂಟರುಗಳಿವೆ. ಪರದೆಯ ಮೇಲೆ ಕಾಣುವ ಕೆಲಸವೆಲ್ಲ ಒಂದರದು. ಎರಡನೆಯದು ಟವರಿನೊಂದಿಗೆ ಮಾತನಾಡುವ ಮೋಡೆಮ್. ಅದಕ್ಕೆ ತನ್ನದೇ ಸಂಸ್ಕಾರಕ ಇದೆ, ತನ್ನದೇ ತಂತ್ರಾಂಶ ಇದೆ, ಅದರೊಳಗೆ ನಮಗೆ ಪ್ರವೇಶವಿಲ್ಲ. ಮೂರನೆಯದು ಸಿಮ್. ಉಗುರಿನಷ್ಟಿರುವ ಅದೂ ಒಂದು ಪೂರ್ಣ ಕಂಪ್ಯೂಟರೇ. ಅದರೊಳಗೆ ಒಂದು ಗುಟ್ಟಿನ ಸಂಖ್ಯೆ ಇದೆ, ಅದು ಸಿಮ್ ಬಿಟ್ಟು ಹೊರಗೆ ಬರುವುದೇ ಇಲ್ಲ. ನೆಟ್‌ವರ್ಕ್ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕಳಿಸುತ್ತದೆ; ಸಿಮ್ ಅದನ್ನು ತನ್ನ ಗುಟ್ಟಿನೊಂದಿಗೆ ಬೆರೆಸಿ ಲೆಕ್ಕ ಮಾಡಿ ಉತ್ತರವನ್ನಷ್ಟೇ ಹಿಂದಿರುಗಿಸುತ್ತದೆ. ಗುಟ್ಟಿನ ಇನ್ನೊಂದು ಪ್ರತಿ ಕಂಪನಿಯ ಬಳಿ ಇರುವುದರಿಂದ ಅವರೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತಾರೆ. ತಾಳೆಯಾದರೆ ನೀವು ನೀವೇ.

ಇಷ್ಟಾದ ಮೇಲೆ ಫೋನ್ ಸುಮ್ಮನಿರುವುದಿಲ್ಲ. ನೀವು ಅದನ್ನು ಜೇಬಿನಲ್ಲಿಟ್ಟು ಬಸ್ಸಿನಲ್ಲಿ ನಿದ್ದೆ ಹೋದಾಗಲೂ ಮೋಡೆಮ್ ಕ್ಷಣಕ್ಷಣಕ್ಕೂ ಎದ್ದು, ನನಗೆ ಯಾರಾದರೂ ಕರೆ ಮಾಡಿದರೇ ಎಂದು ಟವರಿನ ಪ್ರಕಟಣೆಗೆ ಕಿವಿಗೊಟ್ಟು, ಮತ್ತೆ ಮಲಗುತ್ತದೆ. ಬಸ್ಸು ಒಂದು ವಲಯ ದಾಟಿ ಇನ್ನೊಂದಕ್ಕೆ ಹೋದಾಗ ಈಗ ಇಲ್ಲಿದ್ದೇನೆ ಎಂದು ವರದಿ ಒಪ್ಪಿಸುತ್ತದೆ. ಹಾಗೆ ಒಪ್ಪಿಸದಿದ್ದರೆ, ನಿಮ್ಮ ತಾಯಿ ಕರೆ ಮಾಡಿದಾಗ ಇಡೀ ದೇಶದ ಟವರುಗಳೆಲ್ಲ ನಿಮ್ಮ ಹೆಸರು ಕೂಗಬೇಕಾಗುತ್ತದೆ. ಇರುವ ಜಾಗವನ್ನು ಹೇಳದೆ ಮೊಬೈಲ್ ಫೋನ್ ಎಂಬುದೇ ಸಾಧ್ಯವಿಲ್ಲ. ಮೇಜಿನ ಮೇಲಿನ ಕಂಪ್ಯೂಟರಿಗೆ ಇಂಥ ಹರಕೆಯಿಲ್ಲ. ಇಂಟರ್‌ನೆಟ್ಟಿನ ತಂತಿ ಕಿತ್ತು ಹಾಕಿದರೂ ಅದು ಪೂರ್ಣವಾಗಿಯೇ ಇರುತ್ತದೆ.

ಸಿಮ್ಮಿನ ಗುರುತಿಗೆ ಇಷ್ಟು ತೂಕ ಮೊದಲಿನಿಂದ ಇರಲಿಲ್ಲ. 1995ರ ಜುಲೈ 31ರಂದು ಕೋಲ್ಕತ್ತಾದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದ್ದು ನಮ್ಮ ದೇಶದ ಮೊದಲ ಮೊಬೈಲ್ ಕರೆ. ಆಗಿನಿಂದ 2003ರವರೆಗೂ ಬಂದ ಕರೆಗೂ ನಾವು ದುಡ್ಡು ಕೊಡುತ್ತಿದ್ದೆವು; ಇಲ್ಲಿರುವ ಹಿರಿಯರಿಗೆ ಮಿಸ್ಡ್ ಕಾಲ್ ಭಾಷೆ ನೆನಪಿರಬಹುದು. ಆಗ ನಂಬರ್ ಎಂದರೆ ಮಾತಿಗೆ ದಾರಿ, ಅಷ್ಟೇ. 2016ರಲ್ಲಿ ಯುಪಿಐ ಬಂದ ಮೇಲೆ ಅದು ಗುರುತಿನ ಚೀಟಿಯಾಯಿತು. ಪಾವತಿಯ ಆ್ಯಪ್ ಮೊದಲ ಬಾರಿ ತೆರೆದಾಗ ಅದು ನಿಮ್ಮ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದಲ್ಲ, ಆ ಕ್ಷಣದಲ್ಲಿ ನಂಬರ್, ಯಂತ್ರ, ಖಾತೆ ಮೂರಕ್ಕೂ ಗಂಟು ಬೀಳುತ್ತದೆ. ಇನ್ನೊಂದು ಗಂಟು, ಪ್ರತಿ ಫೋನಿಗೂ ಇರುವ ಐಎಂಇಐ ಎಂಬ 15 ಅಂಕಿಯ ಸಂಖ್ಯೆ. ಫೋನ್ ಕಳೆದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಸಂಖ್ಯೆ ಕೊಟ್ಟು, ದೇಶದ ಯಾವ ನೆಟ್‌ವರ್ಕಿನಲ್ಲೂ ಅದು ನಡೆಯದಂತೆ ಮಾಡಿಸಬಹುದು. ಲ್ಯಾಪ್‌ಟಾಪ್ ಕಳೆದರೆ ಅಂಥ ಬಾಗಿಲು ಇಲ್ಲ.

ಕಾನೂನು ಪಂಡಿತರೂ ಈ ಎರಡನ್ನು ಹೇಗೆ ಬೇರ್ಪಡಿಸಬೇಕೆಂದು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಕಂಪ್ಯೂಟರಿನ ವ್ಯಾಖ್ಯೆ ಬಹಳ ವಿಶಾಲವಾಗಿತ್ತು; ಆದರೂ 2008ರ ತಿದ್ದುಪಡಿಯಲ್ಲಿ ಸಂವಹನ ಸಾಧನ ಎಂಬ ಬೇರೆ ವ್ಯಾಖ್ಯೆ ಸೇರಿಸಿ ಸೆಲ್ ಫೋನನ್ನು ಅಲ್ಲಿ ಹೆಸರಿಸಿದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ, ರೈಲಿ ಎಂಬಾತನ ಪ್ರಕರಣದಲ್ಲಿ, ಬಂಧಿತನ ಫೋನನ್ನು ಪೊಲೀಸರು ಸಾಮಾನ್ಯವಾಗಿ ವಾರಂಟ್ ಇಲ್ಲದೆ ಶೋಧಿಸುವಂತಿಲ್ಲ ಎಂದಿತು. ಇವು ಫೋನಾಗಿಯೂ ಬಳಕೆಯಾಗುವ ಪುಟ್ಟ ಕಂಪ್ಯೂಟರುಗಳು, ಇವುಗಳಲ್ಲಿ ಮನುಷ್ಯನ ಇಡೀ ಬದುಕೇ ಇರುತ್ತದೆ ಎಂಬುದು ಆ ತೀರ್ಪಿನ ತಿರುಳು. ನನಗೆ ಅದು ಸರಿಯಾದ ತೀರ್ಪು ಎನಿಸುತ್ತದೆ.

ಮೂರನೆಯ ವಿಷಯಕ್ಕೆ ಹೋಗುವ ಮುನ್ನ, ಮೊದಲೇ ಹೇಳಿದ ಬೆಂಗಳೂರಿನ ಯಂತ್ರ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ ರೂಪಿಸಿದ ಅದಕ್ಕೆ ಸಿಂಪ್ಯೂಟರ್ ಎಂದು ಹೆಸರು. 2001ರಲ್ಲಿ ಅದರ ಮಾದರಿ ಹೊರಬಂತು, 2004ರಲ್ಲಿ ಮಾರುಕಟ್ಟೆಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಕಡ್ಡಿಯಿಂದ ಮುಟ್ಟುವ ಪರದೆ, ಒಳಗೆ ಆರ್ಮ್ ವಂಶದ ಚಿಪ್ಪು ಮತ್ತು ಲಿನಕ್ಸ್, ಅಕ್ಷರ ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ದನಿ. ಐಫೋನ್ ಬರುವುದಕ್ಕೆ ವರ್ಷಗಳ ಮೊದಲು ನಮ್ಮ ನಾಡಿನಲ್ಲಿ ಇಂಥ ಯೋಚನೆ ನಡೆದಿತ್ತು ಎಂಬುದನ್ನು ಇಲ್ಲಿ ಕುಳಿತಿರುವ ಮಕ್ಕಳು ತಿಳಿದಿರಬೇಕು.

ಆ ಯಂತ್ರದಲ್ಲಿ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುವುದು ಅದರ ಕಾರ್ಡು. ಸಿಂಪ್ಯೂಟರಿಗೂ ಚಿಪ್ಪಿರುವ ಒಂದು ಕಾರ್ಡು ತೂರಿಸುವ ಜಾಗವಿತ್ತು. ಊರಿಗೊಂದು ಯಂತ್ರ, ಮನುಷ್ಯನಿಗೊಂದು ಕಾರ್ಡು ಎಂಬುದು ಅವರ ಕಲ್ಪನೆ. ಒಬ್ಬ ರೈತ ತನ್ನ ಕಾರ್ಡು ಹಾಕಿದರೆ ಯಂತ್ರ ಅವನದು. ತೆಗೆದು ಮುಂದಿನವಳು ತನ್ನದು ಹಾಕಿದರೆ ಅವಳದು. ಸಿಮ್ಮೂ ಕಾರ್ಡೇ, ಆದರೆ ಅದು ಮಾಡಿದ್ದು ಇದಕ್ಕೆ ತಿರುಗುಮುರುಗಿನ ಕೆಲಸ. ಅದು ಯಂತ್ರವನ್ನು ಒಬ್ಬರಿಗೇ ಕಟ್ಟಿಹಾಕಿತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಫೋನುಗಳು ಅಗ್ಗವಾಗುತ್ತಿದ್ದವು, ಮತ್ತು ಜನರಿಗೆ ಎಲ್ಲಕ್ಕಿಂತ ಮೊದಲು ಬೇಕಿದ್ದದ್ದು ದೂರದ ಊರಿನಲ್ಲಿರುವ ಮಗನ ದನಿ. ಹಂಚಿಕೊಳ್ಳುವ ಕಂಪ್ಯೂಟರನ್ನು ನಾವು ಬಹಳ ಬೇಗ ಕೈಬಿಟ್ಟೆವು ಎಂಬ ನೋವು ನನಗಿದೆ.

ಈಗ ಮೂರನೆಯ ಮತ್ತು ಕೊನೆಯ ವಿಷಯ, ಒಡೆಯನ ಹಿಡಿತ.

ಬಿಬಿಸಿ ಮೈಕ್ರೋ ಎಂದೆನಲ್ಲ, ಅದು ನಮ್ಮ ದೇಶಕ್ಕೂ ಬಂದಿತ್ತು. 1984ರ ಸುಮಾರಿಗೆ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಲ್ಲಿ ಆಯ್ದ ಕೆಲವು ಶಾಲೆಗಳಿಗೆ ಅದನ್ನು ಕೊಟ್ಟಿತು. ಸ್ವಿಚ್ ಹಾಕಿದರೆ ಒಂದು ಸಣ್ಣ ದನಿ, ಕಪ್ಪು ಪರದೆಯ ಮೇಲೆ ಬೇಸಿಕ್ ಎಂಬ ಪದ, ಅದರ ಕೆಳಗೊಂದು ಬಾಣದ ಮೊನೆ, ಪಕ್ಕದಲ್ಲಿ ಮಿನುಗುವ ಗೆರೆ. ಅಷ್ಟೇ. ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಅಪ್ಪಣೆ ಏನು ಎಂದು ಕೈಕಟ್ಟಿ ನಿಂತ ಹಾಗೆ ಯಂತ್ರ ಕಾಯುತ್ತಿತ್ತು. ಮಗು ಎರಡು ಸಾಲು ಬರೆದರೆ ಅದು ಮಗುವಿನ ಹೆಸರನ್ನು ಪರದೆ ತುಂಬ ಬರೆಯುತ್ತಿತ್ತು. ಫೋನ್ ಕೂಡ ಕಾಯುತ್ತದೆ. ಆದರೆ ಅದು ಕಾಯುವುದು ಹೊರಗಿನ ಕರೆಗಾಗಿ. ನನ್ನ ಮಟ್ಟಿಗೆ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಇಲ್ಲಿದೆ.

2007ರಲ್ಲಿ ಮೊದಲ ಐಫೋನ್ ಬಂದಾಗ ಅದರೊಳಗೆ ಹೊರಗಿನವರ ತಂತ್ರಾಂಶ ಹಾಕುವ ದಾರಿಯೇ ಇರಲಿಲ್ಲ. 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆಯಿತು, ಬಾಗಿಲಲ್ಲಿ ಕಂಪನಿಯೇ ಕಾವಲು ನಿಂತಿತು. ಆಂಡ್ರಾಯ್ಡ್ ಇಷ್ಟು ಬಿಗಿಯಲ್ಲ, ಆದರೂ ಅಲ್ಲಿಯೂ ಒಂದೊಂದು ಆ್ಯಪ್ ಅದರದರ ಕೋಣೆಯಲ್ಲಿ ಬಂದಿ. ಇದರಿಂದ ಒಳ್ಳೆಯದಾಗಿಲ್ಲ ಎಂದರೆ ಅನ್ಯಾಯವಾದೀತು. ಹೇಳಿಕೊಡುವವರಿಲ್ಲದ ಲಕ್ಷಾಂತರ ಮಂದಿ ವೈರಸ್ಸಿನ ಭಯವಿಲ್ಲದೆ ಫೋನ್ ಬಳಸುತ್ತಿರುವುದು ಈ ಗೋಡೆಗಳಿಂದಲೇ. ಕನ್ನಡಕ್ಕೂ ಇದರಿಂದ ಒಂದು ಉಪಕಾರವಾಯಿತು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತವನ್ನು ಫೋನಿನಲ್ಲಿ ತೆರೆದವರಿಗೆ ಗೊತ್ತು, ಕನ್ನಡ ಎಂಬ ಪದವೇ ಬಾಲ ಬಿಂದು ಅಂಟಿದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅಲ್ಲಿ ನಿಜವಾಗಿ ಉಳಿದಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟು. ಕಂಪ್ಯೂಟರಿನಲ್ಲಿ ನಾವು ಆ ಫಾಂಟನ್ನು ನಮ್ಮ ಇಷ್ಟದಂತೆ ಹಾಕಿಕೊಂಡು ವರ್ಷಗಟ್ಟಲೆ ಕೆಲಸ ಸಾಗಿಸಿದೆವು. ಸಾಮಾನ್ಯ ಬಳಕೆದಾರನಿಗೆ ಫೋನ್ ಆ ಸ್ವಾತಂತ್ರ್ಯ ಕೊಡಲಿಲ್ಲ. ಹಾಗಾಗಿ ಓದಿಸಿಕೊಳ್ಳಬೇಕೆಂದವರೆಲ್ಲ, ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ಗೆ ಬರಲೇಬೇಕಾಯಿತು. ಸಭೆ ಸಮಿತಿಗಳು ನಿಧಾನವಾಗಿ ಮಾಡುತ್ತಿದ್ದ ಕೆಲಸವನ್ನು ಜೇಬಿನ ಯಂತ್ರದ ಹಟ ಬೇಗ ಮಾಡಿಸಿತು.

ಆದರೆ ಗೋಡೆಗಳಿಗೆ ನಾವು ಕೊಟ್ಟ ಬೆಲೆಯೂ ಇದೆ. ಲ್ಯಾಬಿನಲ್ಲಿ ಒಬ್ಬ ಹುಡುಗನನ್ನು ಕೇಳಿದೆ: "ನಿನ್ನ ವರದಿಯ ಫೈಲ್ ಎಲ್ಲಿದೆಯಪ್ಪಾ?"

"ವಾಟ್ಸಾಪ್‌ನಲ್ಲಿದೆ ಸಾರ್."

"ಅದು ಕಳಿಸಿದ ಜಾಗ. ಇಟ್ಟಿರೋದು ಎಲ್ಲಿ?"

ಅವನು ನನ್ನ ಮುಖ ನೋಡಿದ. ದಡ್ಡನಲ್ಲ, ಬಹಳ ಜಾಣ; ಫೋನಿನಲ್ಲಿ ಅವನು ವಿಡಿಯೋ ಕತ್ತರಿಸಿ ಜೋಡಿಸುವ ವೇಗ ನನಗೆ ಈ ಜನ್ಮದಲ್ಲಿ ಬಾರದು. ಆದರೆ ಒಂದು ಕಡತಕ್ಕೆ ಒಂದು ಜಾಗವಿದೆ, ಆ ಜಾಗಕ್ಕೆ ಹೆಸರಿದೆ, ಒಂದೇ ಕಡತವನ್ನು ಬೇರೆ ಬೇರೆ ತಂತ್ರಾಂಶಗಳು ತೆರೆಯಬಲ್ಲವು ಎಂಬುದನ್ನು ಫೋನ್ ಅವನಿಗೆ ಎಂದೂ ತೋರಿಸಿರಲಿಲ್ಲ. ಅವನು ಬಳಸುತ್ತಿದ್ದ ಆ್ಯಪ್‌ಗಳನ್ನೆಲ್ಲ ಬರೆದವರು ಬಹುಪಾಲು ಕಂಪ್ಯೂಟರಿನ ಮುಂದೆ ಕುಳಿತೇ ಬರೆದವರು. ಒಂದು ಯಂತ್ರದಲ್ಲಿ ಅಡುಗೆ ಆಗುತ್ತದೆ, ಇನ್ನೊಂದರಲ್ಲಿ ಊಟ ಬಡಿಸುತ್ತಾರೆ. ಮನೆಮನೆಗೂ ಫೋನ್ ಬಂದಿದೆ, ಇನ್ನು ಶಾಲೆಗೆ ಕಂಪ್ಯೂಟರ್ ಏಕೆ ಎಂಬ ಮಾತನ್ನು ಜವಾಬ್ದಾರಿ ಸ್ಥಾನದಲ್ಲಿರುವವರ ಬಾಯಿಂದಲೂ ಕೇಳಿದ್ದೇನೆ. ಆ ಮಾತು ತಪ್ಪು ಎಂದು ಈ ವೇದಿಕೆಯಿಂದ ಗಟ್ಟಿಯಾಗಿ ಹೇಳಲು ಬಯಸುತ್ತೇನೆ. ಎಲ್ಲ ಮಕ್ಕಳನ್ನೂ ಪಂಕ್ತಿಯಲ್ಲಿ ಕೂರಿಸಿದ್ದೇವೆ, ಒಲೆಯ ಬಳಿ ಹೋಗುವ ದಾರಿ ಮಾತ್ರ ಕೆಲವರಿಗಷ್ಟೇ ಇದೆ.

ಒಂದು ಘಟನೆ ಹೇಳಿ ನಿಲ್ಲಿಸುತ್ತೇನೆ. 2020ರಲ್ಲಿ ಲಾಕ್‌ಡೌನ್ ಆಗಿ ಕಾಲೇಜು ಮುಚ್ಚಿದಾಗ ಒಬ್ಬ ವಿದ್ಯಾರ್ಥಿನಿ ಲ್ಯಾಬಿನ ಹಳೆಯ ಕೀಬೋರ್ಡ್ ಒಂದನ್ನು ಬರೆದುಕೊಟ್ಟು ಊರಿಗೆ ಒಯ್ದಿದ್ದಳು. ಮನೆಯಲ್ಲಿದ್ದದ್ದು ತಾಯಿಯ ಫೋನ್ ಒಂದೇ. ಒಟಿಜಿ ಕೇಬಲ್ ಹಾಕಿ ಅದಕ್ಕೆ ಕೀಬೋರ್ಡ್ ಜೋಡಿಸಿದಳು, ಪೈಥಾನ್ ನಡೆಸುವ ಆ್ಯಪ್ ಒಂದನ್ನು ಇಳಿಸಿಕೊಂಡಳು. ಅವರ ಮನೆಯಲ್ಲಿ ಎರಡು ಹಸು. ಡೇರಿಗೆ ಬೆಳಿಗ್ಗೆ ಸಂಜೆ ಹಾಕುವ ಹಾಲಿನ ಲೀಟರ್, ಚೀಟಿಯಲ್ಲಿ ಬರೆದು ಕೊಡುವ ಫ್ಯಾಟ್, ಅದಕ್ಕೆ ತಕ್ಕ ದರ ಇವಿಷ್ಟನ್ನು ಕೊಟ್ಟರೆ ಬಟವಾಡೆಯ ದಿನ ಎಷ್ಟು ಹಣ ಬರಬೇಕೆಂದು ಹೇಳುವ ಪ್ರೋಗ್ರಾಂ ಬರೆಯಲು ಕೂತಳು. ಹೇಳಿಕೊಟ್ಟವರಿಲ್ಲ, ಯಾರ ಪರೀಕ್ಷೆಗೂ ಅಲ್ಲ. ಫೋನನ್ನು ಗೋಡೆಗೆ ಒರಗಿಸಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಎಂಟನೆಯ ಸಾಲಿಗೆ ಬಂದಿದ್ದಳಂತೆ. ಪರದೆಯ ಮೇಲಿದ್ದದ್ದೆಲ್ಲ ಮರೆಯಾಗಿ ಹಸಿರು ಗುಂಡಿ ಮೂಡಿತು, ರಿಂಗ್ ಆಗತೊಡಗಿತು. ಕೊಟ್ಟಿಗೆಯಲ್ಲಿದ್ದ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು, ಕೇಬಲ್ ಕಿತ್ತರು, ಫೋನನ್ನು ಕಿವಿಗಿಟ್ಟುಕೊಂಡು ಸಿಗ್ನಲ್ ಸಿಗುವ ಜಗಲಿಯ ಕಡೆ ನಡೆದರು. ತವರಿನ ಕರೆ, ಬೇಗ ಮುಗಿಯುವುದಲ್ಲ. ಇವಳು ತಂತಿ ಇಳಿಬಿದ್ದ ಕೀಬೋರ್ಡನ್ನು ತೊಡೆಯ ಮೇಲೇ ಇಟ್ಟುಕೊಂಡು, ಡೇರಿಯ ಚೀಟಿ ಸಿಕ್ಕಿಸಿದ್ದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂಬತ್ತನೆಯ ಸಾಲನ್ನು ಪೆನ್ನಿನಿಂದ ಬರೆದಳು.